ದತ್ತಕಡತಗಳ ಪಂಕ್ತಿವಿನ್ಯಾಸ: ಬಂಗಾರಪೇಟೆ ಸೀಮೆಯ ಶಾಸನಗಳ ನಿದರ್ಶನ

ಬಿ. ಎಲ್. ರೈಸ್ ಮಹಾಶಯರು ೧೯೦೫ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯ ಶಾಸನಗಳು ತಾಲ್ಲೂಕುಗಳಿಗನುಸಾರವಾಗಿ ಜೋಡಿಸಲ್ಪಟ್ಟಿವೆ. ಈಗಿನ ಬಂಗಾರಪೇಟೆಯು ಆಗ ಬೌರಿಂಗ್‌ಪೇಟೆಯೆನಿಸಿದ್ದಿತು. ಇಂತಹ ಶಾಸನಗಳನ್ನು ಗಣಕಯಂತ್ರದಲ್ಲಿ ‘ಜೇಸನ್’ ಎಂಬ ಕ್ರಮದಿಂದ ಬರೆದಿಡುವವರು, ಕಡತವು ಯಂತ್ರಕ್ಕಲ್ಲದೆ ವಾಚಕನಿಗೂ ಸುಗಮವಾಗುವಂತೆ ಮಾಡುವ ಬಗೆಯನ್ನು ಇಲ್ಲಿ ನಿರೂಪಿಸಲಾಗುವುದು.

ಈ ಕ್ರಮದಲ್ಲಿ ಪ್ರತಿಯೊಂದು ಸಂಗತಿಗೂ ಒಂದು ಹೆಸರು, ಒಂದು ಮೌಲ್ಯ; ಮೌಲ್ಯದೊಳಗೆ ಮತ್ತೆ ಹೆಸರು ಮೌಲ್ಯಗಳು ಅಡಗಿರಬಹುದು. ಎಲ್ಲವೂ ಒಂದೇ ಪಂಕ್ತಿಯಲ್ಲಿದ್ದರೂ ಯಂತ್ರಕ್ಕೆ ಬಾಧಕವಿಲ್ಲ. ಓದುವವನಿಗಾದರೋ ಅದು ಪದಚ್ಛೇದವಿಲ್ಲದ ಸಂಹಿತಾಪಾಠದಂತೆ ತೋರುವುದು. ಆದಕಾರಣ ಒಳಗಿನ ಸಂಗತಿಗಳನ್ನು ಬೇರೆ ಬೇರೆ ಪಂಕ್ತಿಗಳಲ್ಲಿ, ಎಡಗಡೆ ಹೆಚ್ಚು ಹೆಚ್ಚು ಅಂಚು ಬಿಟ್ಟು ಬರೆಯುವುದುಂಟು. ೨೦೦೧ರಲ್ಲಿ ಮುಚ್ಚಲ್ಪಟ್ಟ ಕೋಲಾರದ ಚಿನ್ನದ ಗಣಿಗಳಲ್ಲಿ ಆಳವನ್ನು ‘ಲೆವೆಲ್ಲು’ಗಳಿಂದ ಎಣಿಸುತ್ತಿದ್ದರಷ್ಟೆ, ಇಲ್ಲಿ ಅಂಚೇ ಆಳದ ಗುರುತು. ರೈಸರ ಕಾಲದಲ್ಲಿ ಬೌರಿಂಗ್‌ಪೇಟೆಗೆ ಸೇರಿದ್ದು, ಈಗ ಕೆ.ಜಿ.ಎಫ್. ತಾಲ್ಲೂಕಿನಲ್ಲಿರುವ ಬೇತಮಂಗಲದ ಒಂದು ಶಾಸನವನ್ನು ಹೀಗೆ ಬರೆಯಬಹುದು:

{
  "ಗ್ರಾಮ": "ಬೇತಮಂಗಲ",
  "ತಾಲ್ಲೂಕು": {
    "೧೯೦೫": "ಬೌರಿಂಗ್‌ಪೇಟೆ",
    "ಇಂದು": "ಕೆ.ಜಿ.ಎಫ್."
  },
  "ಪಾಠ": [
    "ಕಲ್ಲಿನ ೧ನೆಯ ಪಂಕ್ತಿ",
    "ಕಲ್ಲಿನ ೨ನೆಯ ಪಂಕ್ತಿ"
  ]
}

ಇಲ್ಲಿ ಮುಖ್ಯವಾಗಿ ಗಮನಿಸತಕ್ಕುದು ಇದು: ಉದ್ಧರಣಚಿಹ್ನೆಗಳ ಹೊರಗಿರುವ ತೆರಪು ನಿರರ್ಥಕ, ಎಷ್ಟು ಬೇಕಾದರೂ ಬಿಡಬಹುದು, ಒಳಗಿರುವ ತೆರಪು ಪಾಠದ ಅಂಗ, ಅದನ್ನು ಮುಟ್ಟಕೂಡದು. ಪದಪಾಠದಲ್ಲಿ ಸಂಧಿ ಬಿಡಿಸುವಾಗ ವರ್ಣವ್ಯತ್ಯಾಸವಾಗುವುದುಂಟು. ಇಲ್ಲಿ ಅಷ್ಟಕ್ಕೂ ಅವಕಾಶವಿಲ್ಲ. ಚಿಹ್ನೆಗಳ ನಡುವೆ ಪಂಕ್ತಿಯನ್ನು ನೇರವಾಗಿ ಮುರಿಯುವುದು ನಿಷಿದ್ಧವಾದುದರಿಂದ, ಶಾಸನವನ್ನು ಒಂದೇ ವಾಕ್ಯದಂತೆ ತುಂಬದೆ ಮೇಲಿನಂತೆ ಚೌಕಾವರಣದ ಪಟ್ಟಿಯಾಗಿ ಇಡತಕ್ಕುದು. ಆಗ ಕಡತವು ಕಲ್ಲಿನ ಪಂಕ್ತಿವಿಭಾಗವನ್ನೇ ಅನುಸರಿಸುವುದು. ಆ ವಿಭಾಗವು ಕೆಟ್ಟರೆ ತ್ರುಟಿತಾಕ್ಷರಗಳ ಎಣಿಕೆಗೂ ಪಾಠಾಂತರಗಳ ನಿರ್ದೇಶಕ್ಕೂ ಆಧಾರವಿಲ್ಲದಂತಾಗುವುದು.

ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ‘ಸ್ಟ್ರಿಂಗಿಫೈ’ ಎಂಬ ಕ್ರಿಯೆಗೆ ಮೂರನೆಯ ಅಂಶವಾಗಿ ಅಂಚಿನ ಪ್ರಮಾಣವನ್ನು ಕೊಟ್ಟರೆ ಸಾಕು. ಕನ್ನಡಾಕ್ಷರಗಳು ಹಾಗೆಯೇ ಉಳಿಯುವುವು. ಪೈಥಾನ್ ಭಾಷೆಯ ‘ಡಂಪ್ಸ್’ ಕ್ರಿಯೆಗೆ ‘ಇಂಡೆಂಟ್’ ಎಂಬ ಅಂಶವುಂಟು. ಆದರೆ ಅದು ತಾನಾಗಿ ಬಿಟ್ಟಲ್ಲಿ ಪ್ರತಿಯೊಂದು ಕನ್ನಡ ವರ್ಣಸಂಕೇತವನ್ನೂ ಆರು ಚಿಹ್ನೆಗಳ ಗೂಢಲಿಪಿಯನ್ನಾಗಿ ಮಾಡುವುದು: ‘ಕೋಲಾರ’ವೆಂಬ ಮೂರಕ್ಷರದಲ್ಲಿ ಐದು ಸಂಕೇತಗಳಿರುವುದರಿಂದ ಮೂವತ್ತು ಚಿಹ್ನೆಗಳು! ಅಂಚನ್ನು ಎಷ್ಟು ಅಂದವಾಗಿ ಬಿಟ್ಟರೇನು? ‘ಎನ್ಶೂರ್ ಆಸ್ಕಿ’ ಎಂಬ ಅಂಶವನ್ನು ‘ಫಾಲ್ಸ್’ ಎಂದು ನಿಯಮಿಸಿದ ಹೊರತು ಕನ್ನಡಿಗನಿಗೆ ಅದು ಓದಲಸಾಧ್ಯ. ಪಿ.ಎಚ್.ಪಿ.ಯಲ್ಲಿಯೂ ಇದೇ ತೊಡಕು. ಅಲ್ಲಿ ‘ಅನ್‌ಎಸ್ಕೇಪ್ಡ್ ಯೂನಿಕೋಡ್’ ಎಂಬ ಸೂಚನೆಯು ಪರಿಹಾರ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಸೌಕರ್ಯವನ್ನೂ ಪೈಥಾನ್ ಒದಗಿಸುವುದು. ಗ್ರಾಮ, ತಾಲ್ಲೂಕು, ಪಾಠವೆಂಬ ವಿವಕ್ಷಿತಕ್ರಮವು ಸಂಪಾದಕನದಾದುದರಿಂದ ಶಾಸನಗಳ ವಿಷಯದಲ್ಲಿ ಅದನ್ನು ಬಳಸದಿರುವುದು ಲೇಸು.

ಪಂಕ್ತಿಗೊಂದು ಸಂಗತಿಯಿದ್ದಲ್ಲಿ ಮತ್ತೊಂದು ಉಪಯೋಗವುಂಟು. ‘ಗಿಟ್’ ಎಂಬ ಸಾಧನವು ಎರಡು ಪ್ರತಿಗಳನ್ನು ಪಂಕ್ತಿ ಪಂಕ್ತಿಯಾಗಿ ಹೋಲಿಸುವುದರಿಂದ, ಯಾರು ಯಾವ ಪಂಕ್ತಿಯ ಓದನ್ನು ಎಂದು ತಿದ್ದಿದರೆಂಬುದು ಅದರಲ್ಲಿ ಬೇರೆಯಾಗಿಯೇ ಕಾಣುವುದು.