ಪೋರ್ಟ್ ಮಿರರಿಂಗ್: ಒಂದು ಪ್ರಾಯೋಗಿಕ ಪಾಠ

ಸ್ವಿಚ್ ಕಲಿತ ವಿಳಾಸದ ಫ್ರೇಮನ್ನು ಸಂಬಂಧಿಸಿದ ಪೋರ್ಟಿಗಷ್ಟೇ ಕಳುಹಿಸುತ್ತದೆ. ಆದ್ದರಿಂದ ಎರಡು ಕಂಪ್ಯೂಟರುಗಳ ನಡುವಿನ ಪಿಂಗ್ ಮೂರನೆಯದರಲ್ಲಿ ವೈರ್‌ಶಾರ್ಕ್ ತೆರೆದರೂ ಕಾಣದು. ಪಾಠ ಇಲ್ಲಿಂದಲೇ ಆರಂಭವಾಗಲಿ, ‘ಏಕೆ ಕಾಣಲಿಲ್ಲ?’ ಎಂಬುದಕ್ಕೆ ವಿದ್ಯಾರ್ಥಿಗಳೇ ಉತ್ತರ ಹುಡುಕಲಿ.

ಬಳಿಕ ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್‌ನ ಕಾನ್ಫಿಗರೇಷನ್ ಮೋಡ್‌ನಲ್ಲಿ ಎರಡು ಆದೇಶ ಕೊಡಿಸಿ. ‘ಮಾನಿಟರ್ ಸೆಷನ್ 1 ಸೋರ್ಸ್ ಇಂಟರ್‌ಫೇಸ್’ ಎಂದು ಬರೆದು, ಗಮನಿಸಬೇಕಾದ ಪೋರ್ಟ್ ಸೂಚಿಸಬೇಕು. ‘ಮಾನಿಟರ್ ಸೆಷನ್ 1 ಡೆಸ್ಟಿನೇಷನ್ ಇಂಟರ್‌ಫೇಸ್’ ಎಂದು ಬರೆದು, ವೈರ್‌ಶಾರ್ಕ್ ಇರುವ ಪೋರ್ಟ್. ಈಗ ಪಿಂಗ್‌ನ ನಕಲು ಅಲ್ಲಿಗೂ ಬರುತ್ತದೆ. ಆದರೆ ಆ ಪೋರ್ಟ್ ಸಾಮಾನ್ಯ ಸಂಪರ್ಕಕ್ಕೆ ಒದಗದು.

ಗೂಢಲಿಪಿಯಲ್ಲಿಲ್ಲದ ಪಾಸ್‌ವರ್ಡ್‌ಗಳೂ ಹೀಗೆಯೇ ಕಾಣಸಿಗುತ್ತವೆ. ಆದಕಾರಣ ಪ್ರಯೋಗಕ್ಕೆ ಮೀಸಲಾದ ಕಂಪ್ಯೂಟರುಗಳನ್ನಷ್ಟೇ ಬಳಸಿ. ಕೊನೆಗೆ ‘ನೋ ಮಾನಿಟರ್ ಸೆಷನ್ 1’ ಕೊಟ್ಟು ನಿಲ್ಲಿಸುವುದೂ ಪಾಠಯೋಜನೆಯಲ್ಲಿ ಒಂದು ಹಂತವಾಗಿರಲಿ.