ಪಿಜ್ಜಾ ಜಗಳದ ಮೂಲ ಒಲೆಯಲ್ಲಿದೆ

ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ನ್ಯೂಜೆರ್ಸಿಯಲ್ಲಿರುವ ಅವರ ಮಗನಿಗೆ ನ್ಯೂಯಾರ್ಕ್ ಪಿಜ್ಜಾವೇ ಪಿಜ್ಜಾ. ಇಟಲಿ ನೋಡಿಬಂದ ಸೊಸೆಗೆ ನೇಪಲ್ಸ್‌ನದರ ಮುಂದೆ ಉಳಿದದ್ದೆಲ್ಲ ಸಪ್ಪೆ. ವಿಜ್ಞಾನ ಯಾರ ಪರ ಎಂದು ಅವರು ಕೇಳಿದ್ದಾರೆ. ಜೊತೆಗೆ ಇನ್ನೊಂದು ಪ್ರಶ್ನೆ: ನೇಪಲ್ಸ್ ಕ್ರಮದಲ್ಲೇ ಹಿಟ್ಟು ನಾದಿ ಮನೆಯ ಓಟಿಜಿಯಲ್ಲಿಟ್ಟರೆ ಅದೇಕೆ ಬಿಸ್ಕತ್ತಿನಂತೆ ಗಟ್ಟಿಯಾಗುತ್ತದೆ? ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಎರಡನೆಯ ಪ್ರಶ್ನೆ. ಅದನ್ನು ಬಿಡಿಸಿದರೆ ಗಂಡ ಹೆಂಡಿರ ಜಗಳವೂ ಬಹುಪಾಲು ಬಗೆಹರಿಯುತ್ತದೆ. ಊರೂರಿನ ಪಿಜ್ಜಾ ಬೇರೆಬೇರೆಯಾಗಿರುವುದು ಆಯಾ ಊರಿನ ಒಲೆಯಿಂದ.

ನೇಪಲ್ಸ್‌ನ ಪಿಜ್ಜಾಕ್ಕೆ ಬರೆದಿಟ್ಟ ಕಟ್ಟಳೆಯೇ ಇದೆ. 1984ರಲ್ಲಿ ಅಲ್ಲಿನ ಪಿಜ್ಜಾದವರು ಸಂಘ ಕಟ್ಟಿಕೊಂಡು ನಿಯಮ ರೂಪಿಸಿದರು. 2010ರಲ್ಲಿ ಐರೋಪ್ಯ ಒಕ್ಕೂಟ ಅದನ್ನು ಸಾಂಪ್ರದಾಯಿಕ ತಿನಿಸೆಂದು ಮಾನ್ಯ ಮಾಡಿತು. 2017ರಲ್ಲಿ ಪಿಜ್ಜಾ ತಟ್ಟುವವರ ಕಸುಬು ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ಹಿಟ್ಟು, ನೀರು, ಉಪ್ಪು, ಯೀಸ್ಟ್ ಬಿಟ್ಟರೆ ಕಲಸುವಾಗ ಬೇರೇನನ್ನೂ ಹಾಕುವಂತಿಲ್ಲ. ಲಟ್ಟಣಿಗೆ ಮುಟ್ಟಿಸುವಂತಿಲ್ಲ, ಕೈಯಲ್ಲೇ ಹಿಗ್ಗಿಸಬೇಕು. ಅಡ್ಡಳತೆ 35 ಸೆಂಟಿಮೀಟರ್ ದಾಟಬಾರದು. ಸೌದೆ ಒಲೆಯೊಳಗೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 60ರಿಂದ 90 ಸೆಕೆಂಡು ಬೇಯಬೇಕು.

ಈ ಒಂದೂವರೆ ನಿಮಿಷವನ್ನು ಹತ್ತಿರದಿಂದ ನೋಡಬೇಕು. ಸಲಿಕೆಯಿಂದ ಜಾರಿದ ಹಿಟ್ಟು ಒಲೆಯ ನೆಲ ಮುಟ್ಟಿ ಇನ್ನೂ ಅರ್ಧ ನಿಮಿಷವಾಗಿರುವುದಿಲ್ಲ, ಆಗಲೇ ಅಂಚು ಮೇಲೇಳುತ್ತದೆ. ಒಳಗಿನ ನೀರು ಆವಿಯಾಗಿ ಹುದುಗಿನ ಗುಳ್ಳೆಗಳನ್ನು ಉಬ್ಬಿಸುತ್ತದೆ. ಗುಳ್ಳೆಯ ಚರ್ಮ ಎಲ್ಲಿ ತೆಳುವಾಗಿದೆಯೋ ಅಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ, ಪಕ್ಕದ ಜಾಗ ಬಿಳುಪಾಗಿಯೇ ಉಳಿಯುತ್ತದೆ. ಹೊರತೆಗೆದಾಗ ಒಳಗಿನ್ನೂ ತೇವವಿರುತ್ತದೆ. ಒಂದು ತುಂಡು ಎತ್ತಿ ಹಿಡಿದರೆ ತುದಿ ಜೋತುಬೀಳುತ್ತದೆ. ನೇಪಲ್ಸ್‌ನವರು ಪ್ರೀತಿಸುವುದು ಈ ಮೆದುವನ್ನೇ. ನೀರು ಪೂರ್ತಿ ಓಡಿಹೋಗುವ ಮೊದಲೇ ಮೇಲ್ಮೈ ಸುಟ್ಟು ಕೆಂಪಾಗಬೇಕು. ಅಷ್ಟು ಅವಸರದಲ್ಲಿ ಶಾಖ ಕೊಡಬಲ್ಲ ಒಲೆ ಬೇಕು.

ಆ ಶಾಖದ ದೊಡ್ಡ ಪಾಲು ಒಲೆಯ ಗುಮ್ಮಟದಿಂದ ವಿಕಿರಣವಾಗಿ ಇಳಿಯುತ್ತದೆ. ಈ ವಿಕಿರಣದ ಲೆಕ್ಕ ಹಿಡಿದವರು ವಿಯೆನ್ನಾದ ಯೋಸೆಫ್ ಸ್ಟೆಫಾನ್. ಕೆಂಪಗೆ ಕಾದ ಪ್ಲಾಟಿನಂ ತಂತಿಯ ಬಗ್ಗೆ ಜಾನ್ ಟಿಂಡಲ್ ಮಾಡಿದ್ದ ಅಳತೆಗಳನ್ನು ಅವರು ಮುಂದಿಟ್ಟುಕೊಂಡಿದ್ದರು. ತಂತಿಯ ತಾಪ ಸುಮಾರು 525 ಡಿಗ್ರಿಯಿಂದ 1200 ಡಿಗ್ರಿಗೆ ಏರಿದಾಗ ಅದು ಸೂಸುವ ಶಾಖ 11.7 ಪಟ್ಟಾಗಿತ್ತು. ಎರಡೂ ತಾಪಗಳನ್ನು ಕೆಲ್ವಿನ್‌ಗೆ ಬದಲಿಸಿ, ಅವುಗಳ ಅನುಪಾತವನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ 11.6 ಬರುತ್ತದೆ. ಶಾಖ ವಿಕಿರಣ ತಾಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆಂದು 1879ರಲ್ಲಿ ಸ್ಟೆಫಾನ್ ಪ್ರಕಟಿಸಿದರು. ಸೂರ್ಯನ ಮೇಲ್ಮೈ ತಾಪವನ್ನೂ ಅದರಿಂದಲೇ ಅಂದಾಜಿಸಿದರು. ಐದು ವರ್ಷದ ನಂತರ ಅವರ ಶಿಷ್ಯ ಬೋಲ್ಟ್ಸ್‌ಮನ್ ಅದಕ್ಕೆ ಸಿದ್ಧಾಂತದ ಆಧಾರ ಕೊಟ್ಟರು. ಸೂರ್ಯನನ್ನು ಅಳೆದ ಅದೇ ಸೂತ್ರ ನಮ್ಮ ಓದುಗರ ಅಡುಗೆಮನೆಗೂ ಸಲ್ಲುತ್ತದೆ. ಸಾಮಾನ್ಯ ಓಟಿಜಿ 250 ಡಿಗ್ರಿಗೆ ನಿಲ್ಲುತ್ತದೆ. 450 ಡಿಗ್ರಿಯ ಗುಮ್ಮಟ ಅದಕ್ಕಿಂತ ಮೂರೂವರೆ ಪಟ್ಟಿಗೂ ಹೆಚ್ಚು ಶಾಖ ಸುರಿಸುತ್ತದೆ. ಓಟಿಜಿಯಲ್ಲಿ ಅದೇ ಬಣ್ಣ ಬರಲಿ ಎಂದು ಕಾಯುತ್ತ ಕೂತರೆ ಹತ್ತು ನಿಮಿಷ ದಾಟುತ್ತದೆ. ಅಷ್ಟರಲ್ಲಿ ತೆಳು ಹಿಟ್ಟಿನ ನೀರೆಲ್ಲ ಆರಿರುತ್ತದೆ. ಬಿಸ್ಕತ್ತಾಗುವ ಗುಟ್ಟು ಇಷ್ಟೇ.

ಹಾಗಾದರೆ 450 ಡಿಗ್ರಿಯ ಒಲೆಯಲ್ಲಿ ತಳ ಏಕೆ ಕರಕಾಗುವುದಿಲ್ಲ? ಮಣ್ಣಿನ ಹೆಂಚು, ಕಬ್ಬಿಣದ ಹೆಂಚು ಎರಡರಲ್ಲೂ ರೊಟ್ಟಿ ಬೇಯಿಸಿದ ಮನೆಗಳಿಗೆ ಇದು ಗೊತ್ತು. ಎರಡನ್ನೂ ಒಂದೇ ಮಟ್ಟಕ್ಕೆ ಕಾಯಿಸಿ ಜೋಳದ ರೊಟ್ಟಿ ಹಾಕಿ. ಕಬ್ಬಿಣದ ಮೇಲೆ ಗಮನ ತಪ್ಪಿದರೆ ಸೀದುಹೋಗುತ್ತದೆ, ಮಣ್ಣಿನ ಮೇಲೆ ಸಾವಕಾಶವಾಗಿ ಬೇಯುತ್ತದೆ. ರೊಟ್ಟಿ ಮುಟ್ಟಿದ ಕ್ಷಣ ಹೆಂಚಿನ ಮೇಲ್ಮೈ ತಣಿಯುತ್ತದೆ, ರೊಟ್ಟಿಯ ತಳ ಬಿಸಿಯಾಗುತ್ತದೆ, ನಡುವೆ ಎಲ್ಲೋ ಒಂದು ತಾಪ ನೆಲೆಗೊಳ್ಳುತ್ತದೆ. ಕಬ್ಬಿಣದ ಒಡಲಲ್ಲಿರುವ ಶಾಖ ತಡವಿಲ್ಲದೆ ಮೇಲಕ್ಕೆ ಹರಿದುಬರುವುದರಿಂದ ಆ ನಡುವಿನ ತಾಪ ಕಬ್ಬಿಣದ ಕಡೆಗೇ ವಾಲುತ್ತದೆ. ಮಣ್ಣಿನೊಳಗೆ ಶಾಖದ ನಡಿಗೆ ನಿಧಾನ. ಹಾಗಾಗಿ ತಾಪ ರೊಟ್ಟಿಯ ಕಡೆಗೆ ಇಳಿಯುತ್ತದೆ.

ಆಂದ್ರೆ ವರ್ಲಾಮೊವ್, ಆಂಡ್ರಿಯಾಸ್ ಗ್ಲಾಟ್ಸ್ ಎಂಬ ಇಬ್ಬರು ಭೌತವಿಜ್ಞಾನಿಗಳು ಆಹಾರ ಮಾನವಶಾಸ್ತ್ರಜ್ಞ ಸೆರ್ಜಿಯೊ ಗ್ರಾಸೊ ಜೊತೆ ಸೇರಿ 2018ರಲ್ಲಿ ಇದನ್ನೇ ಪಿಜ್ಜಾಕ್ಕೆ ಲೆಕ್ಕ ಹಾಕಿದರು. ರೋಮ್‌ನ ಇಟ್ಟಿಗೆ ಒಲೆ 330 ಡಿಗ್ರಿ ಇದ್ದಾಗ ಹಿಟ್ಟಿನ ತಳ ಸುಮಾರು 210 ಡಿಗ್ರಿಗೆ ನಿಲ್ಲುತ್ತದೆ, ಎರಡು ನಿಮಿಷದಲ್ಲಿ ಪಿಜ್ಜಾ ಸಿದ್ಧ. ಅಷ್ಟೇ ಕಾವಿನ ಉಕ್ಕಿನ ತಟ್ಟೆಯ ಮೇಲಾದರೆ ತಳ 300ಕ್ಕೆ ಹೋಗಿ ಇದ್ದಿಲಾಗುತ್ತದೆ. ಉಕ್ಕಿದ್ದರೆ ಒಲೆಯನ್ನು 230ಕ್ಕೆ ಇಳಿಸಿ ಹೆಚ್ಚು ಹೊತ್ತು ಬೇಯಿಸಬೇಕು. ನೇಪಲ್ಸ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹತ್ತಿರದ ಸೊರೆಂಟೊದ ಜೇಡಿಮಣ್ಣಿನಿಂದ ಸುಟ್ಟ ರಂಧ್ರಮಯ ಹಾಸುಗಳನ್ನು ಒಲೆಯ ನೆಲಕ್ಕೆ ಹಾಕುತ್ತಾರೆ. ಅದು ಮಾಮೂಲಿ ಒಲೆ ಇಟ್ಟಿಗೆಗಿಂತಲೂ ನಿಧಾನವಾಗಿ ಶಾಖ ಬಿಡುತ್ತದೆ. ಸೂತ್ರ ಬರುವ ಎಷ್ಟೋ ಮೊದಲೇ ಸರಿಯಾದ ಮಣ್ಣನ್ನು ಆರಿಸಿಕೊಂಡ ಆ ಕಸುಬುದಾರರ ಬಗ್ಗೆ ನನಗೆ ಬಹಳ ಗೌರವ.

ಈಗ ಅಮೆರಿಕಕ್ಕೆ ಬನ್ನಿ. 1905ರಲ್ಲಿ ನ್ಯೂಯಾರ್ಕ್‌ನ ಲೊಂಬಾರ್ಡಿ ಅಂಗಡಿ ಪಿಜ್ಜಾ ಮಾರತೊಡಗಿದಾಗ ಒಲೆಗೆ ಬಿದ್ದದ್ದು ಕಲ್ಲಿದ್ದಲು. ಆಮೇಲೆ ಗ್ಯಾಸ್ ಓವನ್‌ಗಳು ಹರಡಿದವು. ಕಾವು 300 ಡಿಗ್ರಿಯ ಆಸುಪಾಸಿಗೆ ಇಳಿಯಿತು, ಬೇಯುವ ಹೊತ್ತು ಐದಾರು ನಿಮಿಷಕ್ಕೆ ಏರಿತು. ಹಿಟ್ಟಿಗೆ ಎಣ್ಣೆ, ಚೂರು ಸಕ್ಕರೆ ಸೇರಿದ್ದು ಇದಕ್ಕೇ. ಎಣ್ಣೆ ಹಿಟ್ಟನ್ನು ಮೆದುವಾಗಿಡುತ್ತದೆ, ಸಕ್ಕರೆ ಬಣ್ಣ ತರುತ್ತದೆ. 450 ಡಿಗ್ರಿಯಲ್ಲಿ ಅದೇ ಸಕ್ಕರೆ ಸುಟ್ಟು ಕಹಿಯಾಗುತ್ತಿತ್ತು. ತೇವದ ಹಸಿ ಮೊಝರೆಲ್ಲಾ ಹೋಗಿ ನೀರು ಕಡಿಮೆಯಿರುವ ಮೊಝರೆಲ್ಲಾ ಬಂತು. ತಳ ಒಂದೇ ಸಮ ಕಂದಾಗಿ ಗರಿಗರಿಯಾಯಿತು. ತುಂಡು ಲೆಕ್ಕದಲ್ಲಿ ಮಾರಿ, ಮತ್ತೆ ಬಿಸಿ ಮಾಡಿ ಕೊಟ್ಟರೂ ಕೆಡದ ಪಿಜ್ಜಾ ಹುಟ್ಟಿದ್ದು ಹೀಗೆ. ನೇಪಲ್ಸ್‌ನದು ಒಲೆಯಿಂದ ಇಳಿದ ಹತ್ತು ನಿಮಿಷಕ್ಕೆ ನಾರಾಗುತ್ತದೆ.

ನ್ಯೂಯಾರ್ಕಿನ ರುಚಿಗೆ ಅಲ್ಲಿನ ನಲ್ಲಿ ನೀರೇ ಕಾರಣ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಆ ನೀರು ಮೆದು, ನಿಜ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಗ್ಲೂಟನ್ನನ್ನು ತುಸು ಬಿಗಿ ಮಾಡುತ್ತವೆ ಎಂಬುದೂ ನಿಜ. ಆದರೆ ಒಲೆಯ ಕಾವು, ಹಿಟ್ಟು ಹುದುಗುವ ಹೊತ್ತು, ಉಪ್ಪಿನ ಪ್ರಮಾಣ ಇವುಗಳ ಮುಂದೆ ಆ ವ್ಯತ್ಯಾಸ ತೀರ ಸಣ್ಣದು. ನೀರಿನ ಕಥೆ ವ್ಯಾಪಾರಕ್ಕೆ ಚೆನ್ನಾಗಿ ಒದಗುತ್ತದೆ, ಅಷ್ಟಕ್ಕೇ ಅದನ್ನು ನಂಬಬೇಕಿಲ್ಲ.

ಚೀಸಿನ ವಿಷಯದಲ್ಲಿ ಒಳ್ಳೆಯ ಪ್ರಯೋಗವೇ ನಡೆದಿದೆ. 2014ರಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದ ಬ್ರಯೊನಿ ಜೇಮ್ಸ್ ಮತ್ತು ಸಂಗಡಿಗರು ಏಳು ಬಗೆಯ ಚೀಸ್‌ಗಳನ್ನು ಪಿಜ್ಜಾದ ಮೇಲೆ ಬೇಯಿಸಿ, ಬಣ್ಣ ಬದಲಾಗುವುದನ್ನು ಕ್ಯಾಮೆರಾದಿಂದ ಅಳೆದರು. ಎಳೆಯಾಗಿ ಹಿಗ್ಗುವ ಮೊಝರೆಲ್ಲಾ ಆವಿಗೆ ಉಬ್ಬಿ ಗುಳ್ಳೆಯಾಗುತ್ತದೆ. ಗುಳ್ಳೆಯ ನೆತ್ತಿಯಿಂದ ಎಣ್ಣೆ ಜಾರಿಹೋಗಿ ಅಲ್ಲಿ ಮಾತ್ರ ನೀರು ಆರಿ ಕಂದು ಕಲೆ ಬೀಳುತ್ತದೆ. ಚೆಡ್ಡಾರ್‌ಗೆ ಆ ಎಳೆತವಿಲ್ಲ, ಅದು ಗುಳ್ಳೆ ಏಳುವುದಿಲ್ಲ. ಗ್ರುಯೆರ್ ಬಿಡುವ ಎಣ್ಣೆ ಹೆಚ್ಚು, ಅದು ಹೊದಿಕೆಯಾಗಿ ನಿಂತು ನೀರು ಆರಲು ಬಿಡುವುದಿಲ್ಲ.

ಶಿಕಾಗೋದ ಆಳ ಪಾತ್ರೆಯ ಪಿಜ್ಜಾ 1943ರದ್ದು. ಶಾಖ ಒಳಹೊಕ್ಕಲು ಬೇಕಾದ ಹೊತ್ತು ದಪ್ಪದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಅದಕ್ಕೇ ಇದು ಅರ್ಧ ಗಂಟೆ ಬೇಯಬೇಕು. ಅಷ್ಟು ಹೊತ್ತು ಮೇಲಿದ್ದರೆ ಚೀಸ್ ಸೀದುಹೋದೀತೆಂದು ಅದನ್ನು ಕೆಳಗಿಟ್ಟು ಟೊಮೆಟೊವನ್ನು ಮೇಲೆ ಹರಡುತ್ತಾರೆ.

ಸಾಮಾನ್ಯ ಓವನ್‌ಗೆ ಹೇಳಿಮಾಡಿಸಿದ್ದು ಡೆಟ್ರಾಯಿಟ್ ಶೈಲಿ. 1946ರಲ್ಲಿ ಅಲ್ಲಿನ ಬಡ್ಡೀಸ್ ಎಂಬಲ್ಲಿ ಗಸ್ ಗೆರ್ರಾ ಇದನ್ನು ಶುರುಮಾಡಿದರು. ಪಾತ್ರೆ, ಕಾರು ಕಾರ್ಖಾನೆಗಳಲ್ಲಿ ಬಿಡಿಭಾಗ ತುಂಬಿಡುತ್ತಿದ್ದ ಆಯತಾಕಾರದ ಉಕ್ಕಿನ ತಟ್ಟೆ ಎಂದು ಹೇಳುತ್ತಾರೆ. ತಳಕ್ಕೆ ಧಾರಾಳ ಎಣ್ಣೆ, ಮೇಲೆ ತೇವ ಹೆಚ್ಚಿರುವ ದಪ್ಪ ಹಿಟ್ಟು. ತಳ ಬೇಯುವುದಕ್ಕಿಂತ ಕರಿಯುತ್ತದೆ ಎನ್ನಬೇಕು. ಚೀಸನ್ನು ತಟ್ಟೆಯ ಗೋಡೆ ಮುಟ್ಟುವವರೆಗೂ ಹರಡುವುದರಿಂದ ಅದರ ಜಿಡ್ಡು ಅಂಚಿಗಿಳಿದು ಕುದಿಯುತ್ತದೆ, ನಾಲ್ಕೂ ಬದಿಗೆ ಕಡುಕಂದು ಬಣ್ಣದ ಗರಿ ಅಂಚು ಕಟ್ಟುತ್ತದೆ. ಇದಕ್ಕೆ 250 ಡಿಗ್ರಿ ಧಾರಾಳವಾಗಿ ಸಾಕು. ದಪ್ಪ ಹಿಟ್ಟಿನೊಳಗೆ ನೀರೂ ಉಳಿಯುತ್ತದೆ.

ಒಳ್ಳೆಯ ಸೌದೆ ಒಲೆಯ ಎದುರು ಕೂತು ತಿನ್ನುವುದಾದರೆ ನಾನು ಸೊಸೆಯ ಪರ. ದಾವಣಗೆರೆಯ ಮನೆಯಲ್ಲಿ ಮಾಡುವುದಾದರೆ ಇಬ್ಬರನ್ನೂ ಬಿಟ್ಟು ಡೆಟ್ರಾಯಿಟ್ ಎನ್ನುತ್ತೇನೆ. ತೆಳು ಪಿಜ್ಜಾವೇ ಬೇಕೆಂದು ಹಟವಿದ್ದರೆ ದೋಸೆಯ ದಪ್ಪ ಕಬ್ಬಿಣದ ಕಾವಲಿಯನ್ನು ಓಟಿಜಿಯೊಳಗೆ ಮುಕ್ಕಾಲು ಗಂಟೆ ಪೂರ್ಣ ಕಾವಿನಲ್ಲಿಟ್ಟು ಅದರ ಮೇಲೆ ಹಾಕಿ. 250ರ ಕಾವಲಿಯ ಮೇಲೆ ಹಿಟ್ಟಿನ ತಳ 220 ಡಿಗ್ರಿ ದಾಟುತ್ತದೆ, ತಳ ಚೆನ್ನಾಗಿ ಬೇಯುತ್ತದೆ. ಕೊರತೆ ಬೀಳುವುದು ಮೇಲಿನ ಶಾಖ. ಅದಕ್ಕೆ ಕಾವಲಿಯನ್ನು ಮೇಲಿನ ಕಾಯಿಲ್‌ಗೆ ಆದಷ್ಟು ಹತ್ತಿರದ ಅಂತಸ್ತಿನಲ್ಲಿಡಿ, ಹಿಟ್ಟಿಗೆ ಒಂದು ಚಮಚ ಎಣ್ಣೆ, ಅರ್ಧ ಚಮಚ ಸಕ್ಕರೆ ಸೇರಿಸಿ. ನೇಪಲ್ಸ್‌ನ ಸಂಘ ಒಪ್ಪಲಿಕ್ಕಿಲ್ಲ, ನ್ಯೂಜೆರ್ಸಿಯ ಮಗ ಖಂಡಿತ ಒಪ್ಪುತ್ತಾನೆ.