ಮದ್ದಿನ ಗುಣವನ್ನು ಅಳೆಯುವ ಬಗೆ

ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ನಿಜವಾಗಿಯೂ ಮದ್ದೇ? ಬ್ರಿಟನ್ನಿನಲ್ಲಿ ನಡೆದು 1948ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅದನ್ನು ಪಡೆದ 55 ರೋಗಿಗಳಲ್ಲಿ ಆರು ತಿಂಗಳೊಳಗೆ ನಾಲ್ವರು ಮೃತರಾದರು. ಕೇವಲ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14 ಮಂದಿ. ನೂರಕ್ಕೆ ಸುಮಾರು 20ರ ವ್ಯತ್ಯಾಸ! ಆದರೆ ಬೇರೆ ರೋಗಿಗಳನ್ನು ಆರಿಸಿದ್ದರೆ ಈ ಅಂಕಿಯೂ ಬೇರೆಯಾಗುತ್ತಿತ್ತು. ಆದುದರಿಂದ ಸಂಖ್ಯಾಶಾಸ್ತ್ರಜ್ಞರು ಒಂದೇ ಅಂಕಿಗೆ ಜೋತುಬೀಳದೆ ಎರಡು ಎಲ್ಲೆಗಳನ್ನು ಗುರುತಿಸುತ್ತಾರೆ. ಇದೇ ವಿಶ್ವಾಸಾಂತರ, ಇಲ್ಲಿ ಸುಮಾರು 6ರಿಂದ 34. ಇಂತಹ ನೂರು ಪರೀಕ್ಷೆಗಳನ್ನು ನಡೆಸಿದರೆ, ಸುಮಾರು 95ರಲ್ಲಿ ನಿಜವಾದ ವ್ಯತ್ಯಾಸವು ಹೀಗೆ ಎಣಿಸಿದ ಎಲ್ಲೆಗಳ ನಡುವೆ ಇರುತ್ತದೆ. ಸೊನ್ನೆ ಹೊರಗುಳಿದುದರಿಂದ ಮದ್ದು ಫಲಿಸಿತೆನ್ನಬಹುದು.

ಐದು ವರ್ಷಗಳ ಬಳಿಕ ಲೆಕ್ಕ ಹಾಕಿದಾಗ ಮೃತರು 32 ಮತ್ತು 35. ಈಗ ಅಂತರ ಋಣ 9ರಿಂದ ಧನ 27. ಸೊನ್ನೆ ಒಳಗೇ ಬಂದಿತು. ಮದ್ದು ನಿಷ್ಪ್ರಯೋಜಕವೆಂದಲ್ಲ, ಅದರ ಗುಣ ಸಿದ್ಧವಾಗಲಿಲ್ಲವೆಂದಷ್ಟೆ ಇದರ ಅರ್ಥ. ಹಲವರ ದೇಹದಲ್ಲಿ ರೋಗಾಣುಗಳು ಆ ಮದ್ದಿಗೆ ಬಗ್ಗದಂತಾಗಿದ್ದವು.